ಮೂವತ್ತು ಎಂಎಲ್‌ಗೆ ಮೋಸ ಹೋಗಬೇಡಿ: ಬಿಯರ್ ಮೇಳದಲ್ಲಿ ರುಚಿ ನೋಡುವ ಬಗೆ

2017ರಲ್ಲಿ ಮೊದಲ ಸಲ ಅಮೆರಿಕದ ಡೆನ್ವರ್‌ನ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ಗೆ ಹೋದಾಗ ಎಷ್ಟು ಬಗೆಯ ಬಿಯರ್ ಕುಡಿದೆ ಅನ್ನುವ ಲೆಕ್ಕ ನನ್ನ ಹತ್ತಿರ ಇದೆ. ಐವತ್ತೆರಡು. ಯಾವುದು ಹೇಗಿತ್ತು ಅಂತ ಕೇಳಿದರೆ ಒಂದೂ ನೆನಪಿಲ್ಲ. ಫೋನಿನಲ್ಲಿ ಮೂರು ಮಸುಕು ಫೋಟೋ, ಬಿಳಿ ಅಂಗಿಯ ಮೇಲೆ ಒಂದು ಕಂದು ಕಲೆ. ಅಷ್ಟೇ ನನ್ನ ಸಂಪಾದನೆ.

ನಾನು ಹಾಸನದವನು. ಅಲ್ಲಿ ನಾವು ಬಿಯರ್ ಕುಡಿಯಲು ಕಲಿತಾಗ ಎರಡೇ ಪ್ರಶ್ನೆ ಇದ್ದವು. ‘ಸ್ಟ್ರಾಂಗಾ, ಮೈಲ್ಡಾ?’ ಆಮೇಲೆ, ‘ತಣ್ಣಗಿದೆಯಾ?’ ಅಂಥವನನ್ನು ತಂದು ಬಿಯರ್ ತಯಾರಿಸುವ ಸುಮಾರು 800 ಬ್ರೂವರಿ, 4,000 ಬಿಯರ್ ಇದ್ದ ಹಾಲ್‌ನೊಳಗೆ ಬಿಟ್ಟರೆ ಏನಾಗುತ್ತದೆ? ಮದುವೆ ಮನೆಯಲ್ಲಿ ಊಟಕ್ಕೆ ಮೊದಲು ಪಾಯಸ ಕಂಡ ಹುಡುಗನ ಹಾಗೆ ಆಗುತ್ತದೆ. 2018ರಲ್ಲಿ ಸ್ವಲ್ಪ ಬುದ್ಧಿ ಬಂತು. 2019ರಲ್ಲಿ ಪರವಾಗಿಲ್ಲ ಅನ್ನುವಷ್ಟು ಬಂತು. ಆ ಬುದ್ಧಿಯನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೇಳದ ಕಥೆ ಎರಡು ಸಾಲಿನಲ್ಲಿ. 1982ರಲ್ಲಿ ಚಾರ್ಲಿ ಪಪಾಜಿಯನ್ ಎಂಬುವರು ಕೊಲೊರಾಡೋದ ಬೋಲ್ಡರ್ ಊರಿನ ಒಂದು ಹೋಟೆಲಿನಲ್ಲಿ ಶುರು ಮಾಡಿದ್ದು. ಆಗ ಬಂದ ಬ್ರೂವರಿಗಳು ಇಪ್ಪತ್ತೈದೂ ಇರಲಿಲ್ಲ. ನಾನು ಹೋಗುವ ಹೊತ್ತಿಗೆ ಅದು ಡೆನ್ವರ್‌ನ ದೊಡ್ಡ ಕನ್ವೆನ್ಷನ್ ಸೆಂಟರ್ ತುಂಬುವಷ್ಟು ಬೆಳೆದಿತ್ತು. ಟಿಕೆಟ್ ಕೊಂಡರೆ ಒಂದು ಪುಟ್ಟ ಲೋಟ ಕೊಡುತ್ತಾರೆ. ಒಂದು ಸಲಕ್ಕೆ ಒಂದು ಔನ್ಸ್ ಹಾಕುತ್ತಾರೆ. ಅಂದರೆ ಹೆಚ್ಚುಕಮ್ಮಿ 30 ಎಂಎಲ್. ಎಷ್ಟು ಸಲ ಬೇಕಾದರೂ ಕೇಳಬಹುದು. ಆಗ ಸಂಜೆಯ ಪಾಳಿ ನಾಲ್ಕೂವರೆ ಗಂಟೆ ಇತ್ತು.

ಬಾಗಿಲ ಹೊರಗಿನ ಕೆಲಸ

ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿ. ನಾನು ಅನ್ನ, ಬೇಳೆ ಸಾರು, ತುಪ್ಪ ತಿಂದು ಹೊರಡುತ್ತೇನೆ. ಆದರೆ ಬೆಳ್ಳುಳ್ಳಿ ಒಗ್ಗರಣೆ, ಉಪ್ಪಿನಕಾಯಿ ಎರಡೂ ಆ ದಿನ ಬೇಡ. ಸೆಂಟ್ ಹಾಕಿಕೊಳ್ಳಬೇಡಿ. ನಿಮ್ಮ ಮೂಗಷ್ಟೇ ಅಲ್ಲ, ಪಕ್ಕದವನ ಮೂಗೂ ಕೆಡುತ್ತದೆ.

ಕಾರು ಬೇಡವೇ ಬೇಡ. ನಾನು ಇರುವುದು ಡೆನ್ವರ್ ಪಕ್ಕದ ಆರೋರಾದಲ್ಲಿ. ಲೈಟ್ ರೈಲಿನ ಎಚ್ ಲೈನ್ ಹತ್ತಿದರೆ ಕನ್ವೆನ್ಷನ್ ಸೆಂಟರ್ ಎದುರಿಗೇ ಇಳಿಸುತ್ತಿತ್ತು.

ವಯಸ್ಸು 21 ಆಗಿರಬೇಕು, ಅದಕ್ಕೆ ದಾಖಲೆ ಬೇಕು. ತಲೆ ನರೆತಿದ್ದರೂ ಬೇಕು. 2018ರಲ್ಲಿ ಮೈಸೂರಿನಿಂದ ಬಂದಿದ್ದ ನಮ್ಮ ಭಾವ ಬಾಗಿಲಲ್ಲಿ ಠೀವಿಯಿಂದ ಆಧಾರ್ ಕಾರ್ಡ್ ತೋರಿಸಿದರು. ‘ಗವರ್ನಮೆಂಟ್ ಆಫ್ ಇಂಡಿಯಾ ಅಂತ ಬರೆದಿದೆಯಲ್ಲಪ್ಪ’ ಅಂತ ಐದು ನಿಮಿಷ ವಾದ ಬೇರೆ. ಪಾಸ್‌ಪೋರ್ಟ್ ತರಲು ಆರೋರಾಗೆ ವಾಪಸ್ ಹೋಗಿ ಬರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ಊರಿನಿಂದ ಬಂದವರಿಗೆ ಅಸಲಿ ಪಾಸ್‌ಪೋರ್ಟ್ ಜೇಬಿನಲ್ಲಿರಲಿ ಅಂತ ಹಿಂದಿನ ರಾತ್ರಿಯೇ ಹೇಳಿ.

ಇನ್ನು ಕುತ್ತಿಗೆಯ ಹಾರ. ಅಲ್ಲಿ ಜನ ಪ್ರೆಟ್ಜೆಲ್ ಅನ್ನುವ ಗರಿಗರಿ ಉಪ್ಪು ತಿಂಡಿಯನ್ನು ದಾರಕ್ಕೆ ಪೋಣಿಸಿ ಹಾರ ಮಾಡಿ ಹಾಕಿಕೊಂಡು ಬರುತ್ತಾರೆ. ಎರಡು ಬಿಯರ್ ನಡುವೆ ಒಂದು ಕಡಿಯುವುದು, ನಾಲಿಗೆ ತೊಳೆದ ಹಾಗಾಗುತ್ತದೆ. ಅದನ್ನು ನೋಡಿ ನನ್ನ ಹೆಂಡತಿ ಅಂದಳು, ‘ಇದಕ್ಕೆ ನಮ್ಮ ಕೋಡುಬಳೆ ಏನು ಕಮ್ಮಿ ರೀ?’ ನಿಜ ಅಲ್ವಾ? ದೇವರೇ ದಾರಕ್ಕೆ ಪೋಣಿಸಲಿ ಅಂತ ಮಾಡಿಸಿದ ತಿಂಡಿ ಅದು.

2018ರಲ್ಲಿ ಇಪ್ಪತ್ತು ಕೋಡುಬಳೆ ಪೋಣಿಸಿಕೊಂಡು ಹೋದೆ. ಫೋಟೋ ತೆಗೆಸಿಕೊಳ್ಳಲು ಜನ ಬಂದರು. ಆದರೆ ಒಂದು ತಪ್ಪಾಗಿತ್ತು. ಅವು ಬ್ಯಾಡಗಿ ಮೆಣಸಿನಕಾಯಿ, ಇಂಗು ಹಾಕಿದ ಮಾಮೂಲಿ ಕೋಡುಬಳೆ. ಖಾರದ ಬಾಯಿಗೆ ಮದ್ಯ ಬಿದ್ದರೆ ಉರಿ ಹೆಚ್ಚುತ್ತದೆ. ಅದರ ಮೇಲೆ ಕಹಿ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಅನ್ನುವ ಬಿಯರ್ ಕುಡಿದರೆ ಬಾಯಲ್ಲಿ ಹಾಗಲಕಾಯಿಗೆ ಬೆಂಕಿ ಹಚ್ಚಿದ ಹಾಗೆ. ಮರುವರ್ಷ ಖಾರವಿಲ್ಲದೆ ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಉಪ್ಪು, ಚೂರು ಜೀರಿಗೆ ಇಷ್ಟರಲ್ಲೇ ಮಾಡಿದಳು. ಬಳೆ ಸ್ವಲ್ಪ ದಪ್ಪ ಇರಲಿ, ಇಲ್ಲದಿದ್ದರೆ ನೂಕುನುಗ್ಗಲಲ್ಲಿ ಮುರಿದು ಅಂಗಿಯೊಳಗೆ ಇಳಿಯುತ್ತದೆ. ತಿಂದ ಮೇಲೆ ತುಟಿ ಒರೆಸಿಕೊಳ್ಳಿ. ಎಣ್ಣೆ ತಾಗಿದರೆ ಬಿಯರ್‌ನ ನೊರೆ ಕಣ್ಣೆದುರೇ ಸಾಯುತ್ತದೆ.

ಥರ್ಟಿ ಅಂದರೆ ಎಷ್ಟು

ನಮ್ಮೂರಲ್ಲಿ ಥರ್ಟಿ ಅಂದರೆ ವಿಸ್ಕಿಯ ಸ್ಮಾಲ್. ಬಿಯರ್‌ನಲ್ಲಿ ಅದು ಎರಡು ಗುಟುಕು. ಹಾಗಾಗಿ ಏನೂ ಅಲ್ಲ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ 12 ಔನ್ಸ್, 5 ಶೇಕಡಾ ಮದ್ಯದ ಬಿಯರನ್ನು ಒಂದು ಡ್ರಿಂಕ್ ಅಂತ ಎಣಿಸುತ್ತಾರೆ. ಮೇಳಕ್ಕೆ ಬರುವ ಬಿಯರ್ ಎಷ್ಟೋ ಸಲ 7 ಶೇಕಡಾ, 9 ಶೇಕಡಾ. ಸರಾಸರಿ 7 ಅಂತ ಹಿಡಿದರೆ ಮೂವತ್ತು ಸ್ಯಾಂಪಲ್ ಕುಡಿಯುವಷ್ಟರಲ್ಲಿ ಮೂರೂವರೆ ಡ್ರಿಂಕ್ ಒಳಗೆ ಹೋಗಿರುತ್ತದೆ. ಮೇಲಾಗಿ ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಬೆಂಗಳೂರು ಸುಮಾರು 3,000 ಅಡಿ. ಡೆನ್ವರ್‌ನ ಗಾಳಿ ಒಣ. ತುಟಿ ಒಡೆಯುತ್ತದೆ, ನೀರು ಕುಡಿಯುವುದು ಮರೆತರೆ ಮಾರನೇ ದಿನ ತಲೆಯಲ್ಲಿ ಒನಕೆ ಕುಟ್ಟುತ್ತದೆ. ಪ್ರತಿ ಎರಡು ಸ್ಯಾಂಪಲ್‌ಗೆ ಒಂದು ಲೋಟ ನೀರು. ಅದೇ ನೀರಲ್ಲಿ ಲೋಟವನ್ನೂ ಗಲಬರಿಸಿ.

ನನ್ನ ಮಿತಿ ಈಗ ಇಪ್ಪತ್ತೈದು. ಅದರ ಮೇಲೆ ಕುಡಿದದ್ದು ನಾಲಿಗೆಗೆ ತಿಳಿಯುವುದಿಲ್ಲ, ಸುಮ್ನೆ ಹೊಟ್ಟೆಗೆ ಹೋಗುತ್ತದೆ.

ಚೆಲ್ಲುವುದನ್ನೂ ಕಲಿಯಬೇಕು. ಅಲ್ಲಲ್ಲಿ ಬಕೆಟ್ ಇಟ್ಟಿರುತ್ತಾರೆ. ‘ಎಲೆಯಲ್ಲಿ ಒಂದು ಅಗುಳು ಬಿಡಬಾರದು’ ಅಂತ ಬೆಳೆಸಿದ ಮಗ ನಾನು, ಮೊದಲ ವರ್ಷ ಒಂದು ಹನಿ ಚೆಲ್ಲಲಿಲ್ಲ. ಇಷ್ಟವಾಗದ್ದನ್ನೂ ಮೂಗು ಮುಚ್ಚಿ ಕುಡಿದೆ. ಆ ಐವತ್ತೆರಡರಲ್ಲಿ ಇಪ್ಪತ್ತಾದರೂ ಹಾಗೆ ಸಂಕೋಚಕ್ಕೆ ಕುಡಿದವು.

ಬಣ್ಣ ನೋಡಿ ಸಾಲು ಹಚ್ಚಬೇಡಿ

ಹಗುರದಿಂದ ಗಡಸಿಗೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ತಿಳಿ ಬಣ್ಣದ್ದು ಹಗುರ, ಕಪ್ಪಗಿರುವುದು ಗಡಸು ಅಂತ ತಿಳಿದರೆ ಕೆಟ್ಟಿರಿ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ಪ್ಲಿನಿ ದಿ ಎಲ್ಡರ್ ಹೊನ್ನಿನ ಬಣ್ಣಕ್ಕಿದೆ, ಮದ್ಯ 8 ಶೇಕಡಾ. ಇಲ್ಲೇ ಲಾಂಗ್‌ಮಾಂಟ್‌ನ ಲೆಫ್ಟ್ ಹ್ಯಾಂಡ್‌ನವರ ಮಿಲ್ಕ್ ಸ್ಟೌಟ್ ಕಾಫಿ ಡಿಕಾಕ್ಷನ್‌ನಷ್ಟು ಕಪ್ಪು, ಮದ್ಯ 6 ಶೇಕಡಾ. ಬಣ್ಣ ಬರುವುದು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಎಷ್ಟು ಹುರಿದರು ಅನ್ನುವುದರಿಂದ. ಮದ್ಯ ಬರುವುದು ಯೀಸ್ಟ್ ಎಷ್ಟು ಸಕ್ಕರೆ ತಿಂದಿತು ಅನ್ನುವುದರಿಂದ.

ನನ್ನ ಸಾಲು ಹೀಗೆ. ಮೊದಲು ಪಿಲ್ಸ್‌ನರ್, ಲಾಗರ್ ತರಹದ ಹಗುರ ಬಿಯರ್. ಆಮೇಲೆ ಗೋಧಿ ಬಿಯರ್‌ಗಳು. ಆಮೇಲೆ ಕಂದು ಬಿಯರ್, ಮಿಲ್ಕ್ ಸ್ಟೌಟ್. ಅಲ್ಲಿ ಹದಿನೈದು ನಿಮಿಷ ಕೂತು ನೀರು, ಕೋಡುಬಳೆ. ಆಮೇಲೆ ಐಪಿಎ, ಹುಳಿ ಬಿಯರ್. ಕೊನೆಗೆ ಒಂದೋ ಎರಡೋ ಇಂಪೀರಿಯಲ್ ಸ್ಟೌಟ್, ಅಂದರೆ ಮದ್ಯ ಜಾಸ್ತಿ ಇರುವ ಕಪ್ಪು ಬಿಯರ್. ಐಪಿಎ ಕಹಿ ನಾಲಿಗೆಯ ಮೇಲೆ ಬಾಡಿಗೆಗೆ ಬಂದು ಕೂತುಬಿಡುತ್ತದೆ. ಅದಾದ ಮೇಲೆ ಪಿಲ್ಸ್‌ನರ್ ಕುಡಿದರೆ ಸೋಡಾ.

ಉದ್ದ ಸಾಲು ಇರುವ ಮಳಿಗೆಗೆ ಬಾಗಿಲು ತೆಗೆದ ಕೂಡಲೇ ಓಡುವ ಚಟ ಜನಕ್ಕೆ. ನಲವತ್ತು ನಿಮಿಷ ನಿಂತು ಎರಡು ಗುಟುಕು. ನನಗೆ ಅದು ತಿರುಪತಿ ಸಾಲಿನ ಹಾಗೆ ಕಾಣುತ್ತದೆ, ಪುಣ್ಯ ಬರುವುದೂ ಖಾತ್ರಿ ಇಲ್ಲ. ಎಲ್ಲರೂ ಅಲ್ಲಿ ನಿಂತಿರುವಾಗ ಖಾಲಿ ಇರುವ ಮೂಲೆಯ ಮಳಿಗೆಗೆ ಹೋಗಿ. ಬಿಯರ್ ಮಾಡಿದವರೇ ಅಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಒಂದು ಪ್ರಶ್ನೆ ಕೇಳಿದರೆ ಸಾಕು, ಊರ ಕಥೆಯೆಲ್ಲ ಹೇಳುತ್ತಾರೆ.

ಜಗ್‌ನಿಂದ ಹಾಕುತ್ತಿದ್ದರೆ ಒಂದು ಕಣ್ಣಿಡಿ. ಕೆಗ್ ಅನ್ನುವ ಬಿಯರ್ ಪೀಪಾಯಿಯಿಂದ ಜಗ್‌ಗೆ ಬಂದು ತುಂಬ ಹೊತ್ತಾಗಿದ್ದರೆ ಗ್ಯಾಸ್ ಹೋಗಿ ಬಿಯರ್ ಸಪ್ಪೆಯಾಗಿರುತ್ತದೆ. ‘ಹೊಸದಾಗಿ ಹಿಡಿದಾಗ ಬರ್ತೀನಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತುಂಬ ತಣ್ಣಗಿದ್ದರೆ ಲೋಟವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎರಡು ನಿಮಿಷ ನಿಲ್ಲಿ. ತಣ್ಣಗಿದ್ದಷ್ಟೂ ವಾಸನೆ ಏಳುವುದಿಲ್ಲ. ‘ತಣ್ಣಗಿದೆಯಾ’ ಅಂತ ಕೇಳುತ್ತಿದ್ದ ನಮ್ಮ ಹಾಸನದ ಪ್ರಶ್ನೆಯ ಗುಟ್ಟು ಆಗ ಗೊತ್ತಾಯಿತು. ತಣ್ಣಗಿದ್ದರೆ ತಪ್ಪುಗಳು ಕಾಣುವುದಿಲ್ಲ!

ಮೂಗಿಗೆ ಕನ್ನಡ ಬರುತ್ತದೆ

ರುಚಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ಓದಿದರೆ ಬ್ಲ್ಯಾಕ್‌ಕರಂಟ್, ಟಾಫಿ, ಪೈನ್ ಮರ ಅಂತ ಇರುತ್ತದೆ. ಹಾಸನದಲ್ಲಿ ಪೈನ್ ಮರ ಎಲ್ಲಿತ್ತು? ನನಗೆ ದಾರಿ ತೋರಿಸಿದ್ದು ನನ್ನ ಹೆಂಡತಿಯ ಮೂಗು. ಅವಳು ಕುಡಿಯುವುದಿಲ್ಲ. ಕುಡಿಯದವರಿಗೆ ಕಡಿಮೆ ಬೆಲೆಯ ಬೇರೆ ಟಿಕೆಟ್ ಇತ್ತು, ಅವರಿಗೆ ಸೋಡಾ, ಜ್ಯೂಸ್. 2019ರಲ್ಲಿ ಅವಳೂ ಬಂದಳು. ಪ್ರತಿ ಲೋಟಕ್ಕೂ ಮೂಗು ಹಿಡಿದು, ಅಡುಗೆಮನೆಯ ಡಬ್ಬಿಗಳ ಹೆಸರು ಹೇಳುತ್ತಾ ಹೋದಳು. ನಾನು ಬರೆದುಕೊಂಡೆ.

ಟೆಕ್ಸಾಸ್‌ನ ಲೈವ್ ಓಕ್‌ನವರ ಹೆಫೆವೈಜೆನ್, ಅಂದರೆ ಜರ್ಮನ್ ಬಗೆಯ ಗೋಧಿ ಬಿಯರ್. ‘ಏಲಕ್ಕಿ ಬಾಳೆ. ಚೆನ್ನಾಗಿ ಹಣ್ಣಾಗಿರೋದು. ಪಕ್ಕದಲ್ಲಿ ಲವಂಗ ಇಟ್ಟಿದ್ದಾರೆ.’ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ಎರಡೂ ಆ ಯೀಸ್ಟ್ ಹುಟ್ಟಿಸುವ ವಾಸನೆ.

ಮೇಯ್ನ್ ರಾಜ್ಯದ ಅಲ್ಲಗ್ಯಾಶ್ ವೈಟ್, ಬೆಲ್ಜಿಯಂ ಬಗೆಯ ಗೋಧಿ ಬಿಯರ್. ‘ಧನಿಯಾ ರೀ. ಹುರಿಯದೇ ಕುಟ್ಟಿದ್ದು. ಕಿತ್ತಳೆ ಸಿಪ್ಪೆ.’ ಇದಕ್ಕೆ ಮಾತ್ರ ನಿಜವಾಗಿಯೂ ಹಾಕುತ್ತಾರೆ. ಬೆಲ್ಜಿಯಂನ ಹಳೇ ಪದ್ಧತಿ ಅದು. ಅಲ್ಲಿ ಸತ್ತೇಹೋಗಿದ್ದ ಈ ಬಗೆಯನ್ನು 1960ರ ದಶಕದಲ್ಲಿ ಪಿಯೆರ್ ಸೆಲಿಸ್ ಎಂಬುವರು ಹುಹಾರ್ಡನ್ ಊರಿನಲ್ಲಿ ಮತ್ತೆ ಬದುಕಿಸಿದರು. ಅಲ್ಲಗ್ಯಾಶ್‌ನವರು 1995ರಿಂದ ಮಾಡುತ್ತಿದ್ದಾರೆ.

ಗ್ರೀಲಿ ಊರಿನ ವೆಲ್ಡ್‌ವರ್ಕ್ಸ್‌ನ ಜೂಸಿ ಬಿಟ್ಸ್, ಮಬ್ಬು ಮಬ್ಬಾದ ಐಪಿಎ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಮಾವಿನಕಾಯಿ ತೊಟ್ಟು ಮುರಿದಾಗ ಬರುತ್ತಲ್ಲ, ಸೊನೆ.’ ಮೈ ಜುಂ ಅಂತು. ಮನೆಗೆ ಬಂದು ಓದಿದರೆ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ ಹೂವಿನಲ್ಲೂ ಮಾವಿನಲ್ಲೂ ಮಿರ್ಸೀನ್ ಅನ್ನುವ ಒಂದೇ ಎಣ್ಣೆ ಅಂಶ ಇದೆಯಂತೆ. ಅಜ್ಜಿಯ ಉಪ್ಪಿನಕಾಯಿ ದಿನಗಳಲ್ಲಿ ಕೈಗೆ ಮೆತ್ತಿಕೊಂಡ ವಾಸನೆಯನ್ನು ಹುಡುಕಿಕೊಂಡು ನಾನು ಐಪಿಎ ಕುಡಿಯುತ್ತಿದ್ದೆ ಅಂತ ಆವತ್ತೇ ತಿಳಿದದ್ದು.

ಫೋರ್ಟ್ ಕಾಲಿನ್ಸ್‌ನ ನ್ಯೂ ಬೆಲ್ಜಿಯಂನವರ ಲಾ ಫೋಲಿ, ದೊಡ್ಡ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಹುಳಿ ಬರಿಸಿದ್ದು. ‘ಹುಣಸೆ ಗೊಜ್ಜು. ಬೆಲ್ಲ ಕಮ್ಮಿ.’ ಇಷ್ಟು ಸಾಕಲ್ಲ?

ಕೆಟ್ಟದ್ದನ್ನೂ ಅವಳೇ ಹಿಡಿದಳು. ಒಂದು ಮಳಿಗೆಯ ಲಾಗರ್‌ಗೆ, ‘ಕುಕ್ಕರ್‌ನಲ್ಲಿ ಜೋಳದ ತೆನೆ ಬೇಯಿಸಿದ್ದಾರೆ’ ಅಂದಳು. ಬಿಯರ್ ಕುದಿಸುವುದು ಸಾಲದಿದ್ದಾಗ ಬರುವ ವಾಸನೆ ಅದು. ಇನ್ನೊಂದಕ್ಕೆ, ‘ಬೆಣ್ಣೆ ಪಾಪ್‌ಕಾರ್ನ್’. ಅದು ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರ್ ತೆಗೆದರೆ ಬರಬಹುದು, ಕೊಳಾಯಿಯ ಪೈಪ್ ತೊಳೆಯದಿದ್ದರೂ ಬರಬಹುದು. ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ ಅಂತ ಅರ್ಥ. ಈ ಮೂರು ನೆನಪಿದ್ದರೆ ಸಾಕು, ಬಕೆಟ್‌ಗೆ ಸುರಿಯುವಾಗ ಕೈ ನಡುಗುವುದಿಲ್ಲ.

ನೀವೂ ನಿಮ್ಮ ಅಡುಗೆಮನೆಯ ಮಾತಲ್ಲೇ ಬರೆದುಕೊಳ್ಳಿ. ನನ್ನದು ಅಂಗೈಯಗಲದ ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್. ಪೆನ್ನು ಬೇಡ, ಬಿಯರ್ ಚೆಲ್ಲಿದರೆ ಶಾಯಿ ಹರಡುತ್ತದೆ. ಫೋನ್ ಅಂತೂ ಬೇಡವೇ ಬೇಡ, ಒದ್ದೆ ಬೆರಳಿಗೆ ಅದು ಬಗ್ಗುವುದಿಲ್ಲ.

ಬೇಕು, ಸಾಕು, ಬೇಡ

ಐದಕ್ಕೆ ಇಷ್ಟು ಅಂಕ ಅಂತ ಕೊಡುವುದನ್ನು ನಾನು ಬಿಟ್ಟುಬಿಟ್ಟೆ. 2018ರ ಪುಸ್ತಕ ತೆಗೆದು ನೋಡಿದರೆ ಐದಕ್ಕೆ ಐದು ಸಿಕ್ಕಿದ್ದೆಲ್ಲ ಗದ್ದಲದ ಬಿಯರ್‌ಗಳು. ಚಾಕೊಲೇಟ್ ಹಾಕಿದ್ದು, ತೆಂಗಿನಕಾಯಿ ಹಾಕಿದ್ದು, ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಇಟ್ಟದ್ದು. ಅದರಲ್ಲೊಂದನ್ನು ಆಸೆಪಟ್ಟು ಅಂಗಡಿಯಿಂದ ತಂದೆ. ಕಾಲು ಬಾಟಲಿ ಮುಗಿಸಲಾಗಲಿಲ್ಲ. ಮೈಸೂರು ಪಾಕಿನ ಚೂರು ಬಾಯಿಗೆ ಹಾಕಿಕೊಂಡರೆ ಸ್ವರ್ಗ, ತಟ್ಟೆ ತುಂಬ ಕೊಟ್ಟರೆ ಶಿಕ್ಷೆ. ಹಾಗೇ ಇದು.

30 ಎಂಎಲ್ ಮಾಡುವ ಮೋಸ ಇದೇ. ಎರಡು ಗುಟುಕಿನಲ್ಲಿ ಗೆಲ್ಲುವುದು ಸಿಹಿ, ಮದ್ಯ, ಘಾಟು. ಮೆಲ್ಲಗೆ ಮಾತಾಡುವ ಬಿಯರ್ ಆ ಹಾಲ್‌ನ ಗಲಾಟೆಯಲ್ಲಿ ಕೇಳಿಸುವುದೇ ಇಲ್ಲ. ಅದಕ್ಕೆ ನಾನು ಈಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದೇ ಬಿಯರ್ ದೊಡ್ಡ ಲೋಟದಲ್ಲಿ ಕೊಟ್ಟರೆ ಮುಗಿಸುತ್ತೇನಾ? ಹೌದಾದರೆ ‘ಬೇಕು’. ಎರಡು ಗುಟುಕಿಗೆ ಚೆನ್ನ, ಅಷ್ಟೇ ಅನಿಸಿದರೆ ‘ಸಾಕು’. ಉಳಿದದ್ದು ‘ಬೇಡ’. ‘ಬೇಕು’ ಅಂತ ಬರೆದದ್ದನ್ನು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹೋಗಿ ಕುಡಿಯಬೇಕು. ಎರಡನೇ ಸಲ ಅರ್ಧದಷ್ಟು ಹೆಸರು ಬಿದ್ದುಹೋಗುತ್ತವೆ.

2019ರಲ್ಲಿ ಎರಡೂ ಸಲ ಉಳಿದವು ನಾಲ್ಕೇ.

ಒಂದು, ಲೈವ್ ಓಕ್‌ನ ಆ ಏಲಕ್ಕಿ ಬಾಳೆ. ಎರಡು, ಅಲ್ಲಗ್ಯಾಶ್ ವೈಟ್. ಮೂರು, ಲೆಫ್ಟ್ ಹ್ಯಾಂಡ್‌ನ ಮಿಲ್ಕ್ ಸ್ಟೌಟ್, ಅದೂ ನೈಟ್ರೋ. ಇದಕ್ಕೆ ನೈಟ್ರೋಜನ್ ಬಳಸುತ್ತಾರೆ. ಗುಳ್ಳೆ ತೀರಾ ಸಣ್ಣ, ನೊರೆ ನಮ್ಮ ದರ್ಶಿನಿ ಕಾಫಿಯ ನೊರೆಯ ಹಾಗೆ ಮೆತ್ತಗೆ. ಹಾಲಿನ ಸಕ್ಕರೆ ಸೇರಿಸಿರುತ್ತಾರೆ, ಅದನ್ನು ಯೀಸ್ಟ್ ತಿನ್ನಲಾರದು, ಹಾಗಾಗಿ ಒಂದು ಎಳೆ ಸಿಹಿ ಉಳಿಯುತ್ತದೆ. ಅದರಾಚೆ ಹುರಿದ ಕಹಿ. ಚಿಕೋರಿ ಹಾಕಿದ ಡಿಕಾಕ್ಷನ್ ಕುಡಿದು ಬೆಳೆದವನಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ನಾಲ್ಕನೆಯದು ಫೈರ್‌ಸ್ಟೋನ್ ವಾಕರ್‌ನವರ ಪಿವೊ ಪಿಲ್ಸ್, 5.3 ಶೇಕಡಾ. ಇದೇ ಮೇಳದಲ್ಲಿ 2013, 2014, 2015, ಮೂರು ವರ್ಷ ಸತತವಾಗಿ ಚಿನ್ನದ ಪದಕ ಗೆದ್ದದ್ದು. 2017ರಲ್ಲೂ ಇದನ್ನು ಕುಡಿದಿದ್ದೆನಂತೆ. ಮಸುಕು ಫೋಟೋಗಳಲ್ಲಿ ಒಂದರಲ್ಲಿ ಅದರ ಫಲಕ ಇದೆ! ಆಗ ಬರ್ಬನ್ ಸ್ಟೌಟ್‌ನ ಬೆನ್ನಿಗೆ ಕುಡಿದು ‘ನೀರು’ ಅಂದಿರಬೇಕು. ಈ ಸಲ ಮೊದಲನೆಯದಾಗಿ ಕುಡಿದೆ. ಹೊಸ ಹುಲ್ಲು, ನಿಂಬೆ ಸಿಪ್ಪೆ, ಆಮೇಲೆ ನಾಲಿಗೆ ಒಣಗಿಸುವ ಹಿತವಾದ ಕಹಿ.

ಪ್ಲಿನಿ ಇಷ್ಟವಾಗಲಿಲ್ಲವಾ ಅಂತ ಕೇಳಬೇಡಿ. ತುಂಬ ಇಷ್ಟ. ಆದರೆ ನನ್ನ ವಯಸ್ಸಿಗೆ 8 ಶೇಕಡಾದ ದೊಡ್ಡ ಲೋಟ ಅಂದರೆ ಆ ಸಂಜೆಯೇ ಮುಗಿದ ಹಾಗೆ. ಡೆನ್ವರ್‌ನ ಗ್ರೇಟ್ ಡಿವೈಡ್‌ನವರ ಯೇತಿ ಸ್ಟೌಟ್ 9.5 ಶೇಕಡಾ, ಅದಕ್ಕೂ ‘ಸಾಕು’ ಅಂತಲೇ ಬರೆದಿದ್ದೇನೆ. ಡಿಸೆಂಬರ್ ಚಳಿಯಲ್ಲಿ ಕೇಳಿದರೆ ಬೇರೆ ಉತ್ತರ ಕೊಟ್ಟೇನು.

ಈ ವಿದ್ಯೆಗೆ ಡೆನ್ವರ್‌ಗೇ ಬರಬೇಕು ಅಂತಿಲ್ಲ. ಊರಿಗೆ ಹೋದಾಗ ಬೆಂಗಳೂರಿನ ಟಾಯ್ಟ್, ಆರ್ಬರ್ ಪಬ್‌ಗಳಲ್ಲಿ ಮೊದಲು ಪುಟ್ಟ ಲೋಟಗಳಲ್ಲಿ ರುಚಿ ಕೇಳಿ. ಬಾಸ್ಮತಿ ಅಕ್ಕಿ ಹಾಕಿದ ಟಾಯ್ಟ್‌ನ ಬ್ಲಾಂಡ್‌ನಿಂದ ಶುರುಮಾಡಿ, ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಐಪಿಎಯನ್ನು ಕೊನೆಗಿಡಿ. ಜೊತೆಗೆ ಮಸಾಲೆ ಕಡಲೆಬೀಜ ತಂದಿಟ್ಟರೆ ಪಕ್ಕಕ್ಕೆ ಸರಿಸಿ. ಕಷ್ಟ, ಗೊತ್ತು.

ಭಾನುವಾರದ ದೊಡ್ಡ ಲೋಟ

ಮೇಳ ಶನಿವಾರ ಮುಗಿಯುತ್ತದೆ. ಭಾನುವಾರ ಮಧ್ಯಾಹ್ನ ನಾವಿಬ್ಬರೂ ಬ್ಲೇಕ್ ಸ್ಟ್ರೀಟ್‌ನ ಬಿಯರ್‌ಸ್ಟಾಟ್ ಲಾಗರ್‌ಹೌಸ್‌ಗೆ ಹೋದೆವು. ಅಲ್ಲಿ ಸ್ಲೋ ಪೋರ್ ಪಿಲ್ಸ್ ಅಂತ ಒಂದಿದೆ. ಹೆಸರೇ ಹೇಳುವ ಹಾಗೆ, ಹಾಕಲಿಕ್ಕೇ ನಿಮಿಷಗಟ್ಟಲೆ ಬೇಕು. ಸ್ವಲ್ಪ ಹಾಕುತ್ತಾರೆ, ನೊರೆ ಇಳಿಯಲಿ ಅಂತ ಬಿಡುತ್ತಾರೆ, ಮತ್ತೆ ಹಾಕುತ್ತಾರೆ. ಕೊನೆಗೆ ಉದ್ದ ಲೋಟದ ಮೇಲೆ ನೊರೆ ಕುಲಾವಿಯ ಹಾಗೆ ಎದ್ದು ನಿಲ್ಲುತ್ತದೆ.

ಹೆಂಡತಿ ಎಂದಿನಂತೆ ಮೂಗು ಹಿಡಿದಳು. ‘ಏನೂ ಇಲ್ಲ ರೀ’ ಅಂದಳು. ಮತ್ತೆ ಮೂಸಿದಳು. ‘ಇದೆ. ಕೆಂಡದ ಮೇಲೆ ಉಬ್ಬಿದ ರೊಟ್ಟಿ.’

ಲೋಟ ಖಾಲಿಯಾಯಿತು. ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಲೋಟದಡಿ ಇಡುವ ಕೋಸ್ಟರ್‌ನ ಹಿಂದೆ ‘ಬೇಕು’ ಅಂತ ಬರೆದು ಜೇಬಿಗೆ ಹಾಕಿಕೊಂಡು, ಇನ್ನೊಂದಕ್ಕೆ ಹೇಳಿದೆ.